ಮೋರ್ ದಾನ್ ಸಿದ್ಧಾಂತ

ಚೆನ್ನೈನ ಮೈಲಾಪುರದ ಗುಡಿಯ ಕೊಳದ ಪಕ್ಕ ನಮ್ಮ ಕನ್ನಡ ಸಂಘ ಬೇಸಿಗೆಯಲ್ಲಿ ಮಜ್ಜಿಗೆ ಹಂಚುತ್ತದೆ. ಈಗ ಸ್ಟೀಲ್ ಡ್ರಮ್ಮು. ನನ್ನ ಚಿಕ್ಕಂದಿನಲ್ಲಿ ಮಣ್ಣಿನ ಹರವಿ ಇತ್ತು. ಅದರೊಳಗೆ ತಲೆಯಿಟ್ಟು ಕೂಗಿದರೆ ಪ್ರತಿಧ್ವನಿ ಮರುದಿನ ಬರುತ್ತಿತ್ತು. ಇಂಗಿನ ವಾಸನೆಗೆ ಬಸ್ಸುಗಳು ತಾವಾಗಿ ನಿಲ್ಲುತ್ತಿದ್ದವು.

ಆಗಲೇ ದೆಹಲಿಯಿಂದ ಗಿರಿಧರ್ ಎಂಬ ತರುಣ ಬಂದದ್ದು. ಧರ್ಮಕಾರ್ಯ ಮಾಡುವ ಸಂಘಗಳ ಮೇಲೆ ಪಿಎಚ್‌ಡಿ. ಮಜ್ಜಿಗೆ ಹಂಚುತ್ತಿದ್ದವಳು ನನ್ನ ಸೋದರತ್ತೆ ಶಾರದಮ್ಮ. ಹೊರಗಿನವರೆಂದರೆ ಅವಳ ಬಾಯಲ್ಲಿ ತಮಿಳೇ. ಹೋದ ವರ್ಷ ಎಷ್ಟು ಕೊಟ್ಟಿರಿ ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ.

"ಮೋರ್ ದಾನ್" ಎಂದಳು. ತಮಿಳಿನಲ್ಲಿ ಮಜ್ಜಿಗೆಯೇ, ಅಂತ; ಏನು ಕೊಟ್ಟಿರಿ ಎಂದು ಕೇಳಿದನೆಂದುಕೊಂಡಿದ್ದಳು.

ಈ ವರ್ಷ?

"ಮೋರ್ ದಾನ್."

ಮುಂದಿನ ವರ್ಷ?

"ಮೋರ್ ದಾನ್ಪಾ."

ಅವನ ಕಿವಿಗೆ ಅದು ಇಂಗ್ಲಿಷಾಗಿ ಬಿತ್ತು: ಇನ್ನೂ ಹೆಚ್ಚು, ಅದಕ್ಕಿಂತ ಹೆಚ್ಚು. ಹೊಟ್ಟೆ ಕೆಟ್ಟೀತೆಂದು ಲೋಟ ಮುಟ್ಟದೆ ಹೋದ. ಸೇವಾಸಂಘಗಳು ವರ್ಷವರ್ಷಕ್ಕೂ ಹೆಚ್ಚುಹೆಚ್ಚು ಕೊಡುತ್ತವೆ ಎಂಬ ಸಿದ್ಧಾಂತ ಹುಟ್ಟಿತು. ಮುಂದೆ ಬಂದವರು ಅದನ್ನು ಒಪ್ಪಿ ನಮ್ಮನ್ನು ಎನ್‌ಜಿಒ ಎಂದರು. ಅವರ ನಂತರದವರು ಖಂಡಿಸಿ, ಸರ್ಕಾರವೂ ಅಲ್ಲದ ವ್ಯಾಪಾರವೂ ಅಲ್ಲದ ಮೂರನೇ ವಲಯ ಎಂದರು. ಇತ್ತೀಚಿನವರು ನಮ್ಮ ಪರಿಣಾಮ ಅಳೆಯಲು ಬಂದಿದ್ದರು. ಒಬ್ಬರೂ ಮಜ್ಜಿಗೆ ಕುಡಿಯಲಿಲ್ಲ.

ಈ ಬೇಸಿಗೆಗೆ ಪ್ರೇರಣಾ ಬಂದಳು. ವಡಪಳನಿಯ ಕನ್ನಡದ ಹುಡುಗಿ, ಗಿರಿಧರ್ ಪ್ರೊಫೆಸರರ ಕೊನೆಯ ಶಿಷ್ಯೆ. ಒಂದು ಲೋಟ ಕುಡಿದು, ಅತ್ತೆಯಿಂದ ಹಳೆಯ ಕಥೆ ಕೇಳಿ, ಬೆಂಚಿನ ಮೇಲೆ ಕುಸಿದಳು.

"ಅಂಕಲ್, ನನ್ನ ಥೀಸಿಸ್ ಪೂರಾ ಸರ್ ಸಿದ್ಧಾಂತದ ಮೇಲೇ ನಿಂತಿದೆ. ನಿಜ ಹೇಳಿದ್ರೆ ಸರ್ ಸೈನ್ ಹಾಕಲ್ಲ. ಹೇಳ್ದಿದ್ರೆ ಸುಳ್ಳು ಬರೀಬೇಕು."

"ಮಜ್ಜಿಗೆ ಮೇಲೆ ನಿಂತ್ರೆ ಜಾರತ್ತೆ ಕಣಮ್ಮ."

"ತಮಾಷೆ ಸಾಕು. ನಾಳೆ ಸರ್ ಇಲ್ಲಿಗೇ ಬರ್ತಿದಾರೆ."

ಬಂದರು. ತಲೆ ಮಜ್ಜಿಗೆಯಷ್ಟೇ ಬೆಳ್ಳಗಾಗಿತ್ತು. ಎಂಬತ್ತು ದಾಟಿದ ಅತ್ತೆ ಲೋಟ ಚಾಚಿದಳು. ಪ್ರೇರಣಾ "ಸರ್, ಇದೇನು ಅಂತ ಕೇಳಿ" ಎಂದಳು.

"ಮೋರ್ ದಾನ್" ಎಂದಳು ಅತ್ತೆ.

ಪ್ರೇರಣಾ ಮೆಲ್ಲಗೆ ಅರ್ಥ ಬಿಡಿಸಿ ಹೇಳಿದಳು. ಅವರು ಲೋಟ ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ನಿಧಾನವಾಗಿ ಕುಡಿದರು. ಬಸ್ಸೊಂದು ಹಾದುಹೋಯಿತು, ಈಗಿನವು ನಿಲ್ಲುವುದಿಲ್ಲ.

"ಅವತ್ತೇ ಕುಡಿದಿದ್ರೆ ನಾನು ಪ್ರೊಫೆಸರ್ ಆಗ್ತಿರಲಿಲ್ಲ" ಎಂದರು ಇಂಗ್ಲಿಷಿನಲ್ಲಿ. "ಇದನ್ನೇ ಬರಿ. ಸೈನ್ ಹಾಕ್ತೀನಿ."

ಖಾಲಿ ಲೋಟ ಚಾಚಿದರು. "ಮೋರ್."

ಅತ್ತೆ ಸುರಿಯುತ್ತ ನನ್ನ ಕಡೆ ತಿರುಗಿದಳು. "ನೋಡೋ, ಪಾಪ, ಈಗ್ಲಾದ್ರೂ ತಮಿಳು ಬಂತು."