ಒರೆಸಿದ ಬಾಣ

ಹೊಲಿಗೆಯವಳ ಕೈಗೆ ಗುರುತು ಕಂಡರಾಗದು. ಹೊಲಿದ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಉಳಿದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆಂದು ಒರೆಸಿ ಒರೆಸಿ ಅದೇ ಚಾಳಿಯಾಗಿಬಿಟ್ಟಿತ್ತು. ಆಸ್ಪತ್ರೆಯಲ್ಲೂ ಕೈ ಸುಮ್ಮನಿರಲಿಲ್ಲ. ಮನಸ್ಸೆಲ್ಲ ಆಪರೇಷನ್ ಮೇಲಿತ್ತು. ಹಿಮ್ಮಡಿಯ ಮೂಳೆ ಸೀಳಿ, ನಡುವೆ ಇನ್ನೊಂದು ಮೂಳೆಯ ಚೂರು ಕೂರಿಸಿ, ಮಗಳ ಚಪ್ಪಟೆ ಪಾದಕ್ಕೆ ಕಮಾನು ತರುತ್ತಾರಂತೆ. ಆ ಮೂಳೆ ಕೂಡದಿದ್ದರೆ? ಕೈ ತನ್ನ ಪಾಡಿಗೆ ಮಂಚದ ಪಕ್ಕದಲ್ಲಿದ್ದ ಸ್ಪಿರಿಟ್ ಹತ್ತಿಯಿಂದ ಹುಡುಗಿಯ ಕಾಲು ತಿಕ್ಕುತ್ತಿತ್ತು.

"ಅಮ್ಮಾ! ಅದು ಯಾವ ಕಾಲು ಅಂತ ಡಾಕ್ಟರ್ ಬರೆದ ಬಾಣ!"

ಹತ್ತಿ ನೀಲಿಯಾಗಿತ್ತು. ಕಾಲು ಬೋಳಾಗಿತ್ತು.

"ಬಿಡು, ನೋಯೋದು ಎಡಗಾಲು ಅಂತ ನಾನೇ ಹೇಳ್ತೀನಿ" ಎಂದಳು ಮಗಳು.

"ಮತ್ತಿನ ಮದ್ದು ಕೊಟ್ಟ ಮೇಲೆ ಏನು ಕನಸಲ್ಲಿ ಹೇಳ್ತೀಯಾ?"

ಅಮ್ಮ ಎರಡೂ ಪಾದ ನೋಡಿದಳು. ಮಲಗಿದ್ದಾಗ ಎರಡಕ್ಕೂ ಚೆಂದದ ಕಮಾನು! ಭಾರ ಬಿದ್ದರಷ್ಟೇ ಕುಸಿಯುವ ಪಾದಗಳು. ಮೇಜಿನ ಮೇಲೆ ಮಲಗಿಸಿದರೆ ಯಾವುದೆಂದು ಯಾರಿಗೆ ಗೊತ್ತಾಗುತ್ತದೆ? ಹೇಳೋಣವೆಂದರೆ ಆಪರೇಷನ್ ಮುಂದೂಡಿಬಿಟ್ಟರೆ? ಒಪ್ಪಿಗೆ ಕೊಡಲು ಕೂಡಿಸಿದ ಧೈರ್ಯ ಇನ್ನೊಮ್ಮೆ ಬರುವಂಥದ್ದಲ್ಲ.

ಅವಳು ಚೀಲದಿಂದ ಪೆನ್ನು ತೆಗೆದಳು. ತಾನೇ ಒಂದು ಬಾಣ ಬರೆದರಾಯಿತು. ಎದುರು ಕೂತವಳಿಗೆ ಮಗಳ ಎಡ ತನ್ನ ಬಲಕ್ಕಿತ್ತು. ಮೊನೆ ಚರ್ಮಕ್ಕೆ ತಾಗಿತು.

"ಅಮ್ಮಾ, ಅದು ಬಲಗಾಲು."

ಪೆನ್ನು ಕೆಳಗೆ ಬಿತ್ತು. ಗಾಲಿಮಂಚದ ಸದ್ದು ಬಾಗಿಲವರೆಗೆ ಬಂದಿತ್ತು. ಅವಳು ಎದ್ದು, ಅದನ್ನು ತಳ್ಳಿ ತಂದ ಸಿಸ್ಟರಿಗೆ ಅಡ್ಡ ನಿಂತಳು.

"ಸಿಸ್ಟರ್, ಗುರುತು ನಾನೇ ಒರೆಸಿಬಿಟ್ಟೆ."

"ಅಯ್ಯೋ ದೇವರೇ! ಇದೇನು ಮಸಿಬಟ್ಟೇನಾ ತಾಯಿ?" ಎಂದು ಸಿಸ್ಟರ್ ಗದರಿ, ಡಾಕ್ಟರನ್ನು ಕರೆಯಲು ಓಡಿದರು.

ಬಂದ ಡಾಕ್ಟರು ಬೈಯಲಿಲ್ಲ. ಕಡತದ ಎಕ್ಸ್‌ರೇ ನೋಡಿ, "ಇಳಿ ಪುಟ್ಟಿ, ನಿಲ್ಲು" ಎಂದರು. ಹುಡುಗಿ ನಿಂತಳು. ಎರಡೂ ಕಮಾನು ಕುಸಿದವು. ಎಡಗಾಲಿನ ಹಿಮ್ಮಡಿ ಮಾತ್ರ ಹೆಚ್ಚು ಹೊರಕ್ಕೆ ವಾಲಿತು. "ಯಾವುದು ನೋಯೋದು?"

"ಇದೇ."

ಹೊಸ ಬಾಣ ಎಡಗಾಲ ಮೇಲೆ ಮೂಡಿತು.

ಗಾಲಿಮಂಚ ಹೊರಟಿತು. "ಮುಟ್ಟಿಗಿಟ್ಟೀರಾ!" ಎಂದರು ಸಿಸ್ಟರ್. ಮಗಳು ಕಿಸಕ್ಕನೆ ನಕ್ಕಳು. ಮರುಕ್ಷಣ ಅಮ್ಮನತ್ತ ಕೈ ಚಾಚಿದಳು. ಅಮ್ಮ ಜೊತೆಗೇ ನಡೆದಳು, ಒಂದು ಕೈಯಲ್ಲಿ ಮಗಳ ಬೆರಳು ಹಿಡಿದು. ಇನ್ನೊಂದು ಕೈಯನ್ನು, ಆಪರೇಷನ್ ಕೋಣೆಯ ಬಾಗಿಲು ಮುಚ್ಚುವವರೆಗೂ, ಕಂಕುಳಲ್ಲೇ ಅದುಮಿಕೊಂಡಿದ್ದಳು.