ಉಕ್ಕಿನೊಳಗಿನ ಪೆಟ್ಟು

ಅಂಗಡಿಯವನೊಬ್ಬನ ಜೀವ ತೆಗೆದ ಪಿಸ್ತೂಲು ಅಕ್ಕನ ಮೇಜಿನ ಮೇಲಿತ್ತು. ಅಪರಾಧ ಪತ್ತೆಯ ಪ್ರಯೋಗಾಲಯದವರೆಲ್ಲ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಸ್ವಂತ ತಮ್ಮ ಕರೆಯುವುದನ್ನು ಕೇಳಿ ಕೇಳಿ ಉಳಿದವರಿಗೂ ಅದೇ ರೂಢಿಯಾಗಿತ್ತು. ಆ ತಮ್ಮ ರಸ್ತೆಯಾಚೆಯ ಪೊಲೀಸ್ ಶಸ್ತ್ರಾಗಾರದಲ್ಲಿದ್ದ. ಬಂದೂಕುಗಳಿಗೆ ಇಲಾಖೆಯ ನಂಬರು ಹೊಡೆಯುವುದು, ಕೆಲಸಕ್ಕೆ ಬಾರದವನ್ನು ಕುಲುಮೆಗೆ ಹಾಕಿಸಿ ಕರಗಿಸುವುದು ಅವನ ಪಾಲಿಗೆ ಬಂದ ಕೆಲಸ.

ಈ ಪಿಸ್ತೂಲಿನ ನಂಬರನ್ನು ಯಾರೋ ಅರದಿಂದ ಉಜ್ಜಿ ಕನ್ನಡಿ ಮಾಡಿಟ್ಟಿದ್ದರು. ಆದರೆ ಅಚ್ಚಿನ ಮೇಲೆ ಸುತ್ತಿಗೆ ಬಿದ್ದಾಗ ಅಡಿಯ ಉಕ್ಕೂ ಜಜ್ಜಿಹೋಗಿರುತ್ತದೆ. ಮೇಲೆ ಎಷ್ಟು ಉಜ್ಜಿದರೂ ಆ ಪೆಟ್ಟು ಒಳಗೆ ಇದ್ದೇ ಇರುತ್ತದೆ. ಅಕ್ಕ ಪಿಸ್ತೂಲನ್ನು ವಿದ್ಯುತ್ ಅಯಸ್ಕಾಂತದ ಎರಡು ತುದಿಗಳ ನಡುವೆ ಕೂರಿಸಿ, ಕಬ್ಬಿಣದ ಪುಡಿ ಕಲಸಿದ ಎಣ್ಣೆಯನ್ನು ಮೆಲ್ಲಗೆ ಬಿಟ್ಟಳು. ಪುಡಿ ಹರಿಯಿತು, ತಡವರಿಸಿತು, ಜಜ್ಜಿದ ಕಡೆ ಕೂತಿತು. ಮೊದಲು ಮೂರು ಕಾಣಿಸಿತು. ಆಮೇಲೆ ಏಳು, ಎಡಕ್ಕೆ ವಾಲಿಕೊಂಡು.

ಆ ಏಳನ್ನು ಅವಳು ಬಲ್ಲಳು. ಮನೆಬಾಗಿಲಿನ ತಗಡಿಗೆ ನಂಬರು ಹೊಡೆದವನೂ ಎಡಚನಾದ ತಮ್ಮನೇ. ಅದರಲ್ಲಿನ ಏಳನ್ನು ನೋಡಿ, "ಕುಡಿದು ಗೋಡೆಗೆ ಒರಗಿದ್ದಾನೆ ನೋಡೇ" ಎಂದು ಅಮ್ಮ ನಗುತ್ತಿದ್ದಳು.

"ಅಕ್ಕಾ, ಊಟಕ್ಕೆ ಏಳಲ್ವಾ? ಆ ಕಬ್ಬಿಣಾನೇ ತಿಂತೀಯಾ?"

ಬಾಗಿಲಲ್ಲಿ ತಮ್ಮ! ಅವಳು ಪಿಸ್ತೂಲಿನ ಮೇಲೆ ಬಟ್ಟೆ ಎಳೆದಳು.

"ಏನಾದ್ರೂ ಕಾಣಿಸ್ತಾ?"

"ಇನ್ನೂ ಇಲ್ಲ."

"ಹಾಗಿದ್ರೆ ಆಸಿಡ್ ಹಾಕು, ಧಾರಾಳವಾಗಿ. ಒಂದೇ ಸಲಕ್ಕೆ ಪೀಡೆ ಕಳೀತು." ನಗುತ್ತಲೇ ಅಂದ. ಚಿಲಕ ಹಿಡಿದ ಕೈ ಮಾತ್ರ ಬೆಳ್ಳಗಾಗಿತ್ತು. "ಏನೂ ಸಿಗಲಿಲ್ಲ ಅಂತ ನೀನಂದ್ರೆ ಯಾರು ಬೇಡ ಅಂತಾರೆ? ಹಾಕ್ತೀಯಲ್ಲಕ್ಕಾ?"

"ಹೊರಗೆ ಕೂತಿರು" ಎಂದಳು. ಕುಲುಮೆಯಲ್ಲಿ ಕರಗಬೇಕಾಗಿದ್ದ ಪಿಸ್ತೂಲನ್ನು ಹೊರಗೆ ಸಾಗಿಸಿದವನು ಯಾರೆಂದು ಅವಳಿಗೆ ಇನ್ಯಾರೂ ಹೇಳಬೇಕಿರಲಿಲ್ಲ.

ಬಟ್ಟೆಯಲ್ಲಿ ಒರೆಸಿದಳು. ಏಳು ಮಾಯವಾಯಿತು. ಎಷ್ಟು ಸಲೀಸು! ಆದರೆ ಈ ಪರೀಕ್ಷೆ ಉಕ್ಕಿಗೆ ಒಂದು ಗೀರನ್ನೂ ಮಾಡುವುದಿಲ್ಲ. ನಾಳೆ ಬೇರೆ ಯಾರು ಅಯಸ್ಕಾಂತ ಹಚ್ಚಿದರೂ ಅದೇ ಏಳು ಎದ್ದು ಬರುತ್ತದೆ. ಬಾರದಂತೆ ಮಾಡಬೇಕಾದರೆ ಆಸಿಡ್ಡೇ ಬೇಕು, ಒಳಗಿನ ಪೆಟ್ಟನ್ನೂ ತಿಂದುಹಾಕುವಷ್ಟು. ಕಪಾಟಿನಿಂದ ಸೀಸೆ ತೆಗೆದಳು. ಮುಚ್ಚಳ ತಿರುಗಿಸಿದಳು. ಘಾಟು ಮೂಗಿಗೆ ಬಡಿಯಿತು. ಬಗ್ಗಿಸಹೊರಟಾಗ ಸೀಸೆಯ ಬಾಯಿ ಕಬ್ಬಿಣಕ್ಕೆ ತಾಗಿ ಟಿಣ್ಣೆಂದಿತು. ಇವತ್ತು ಇದನ್ನು ಸುರಿದರೆ, ನಾಳೆ ಕುಲುಮೆಗೆ ಹೋಗಬೇಕಾದ ಇನ್ನೊಂದು ಹೊರಗೆ ಬರುತ್ತದೆ. ಅದೂ ಇದೇ ಮೇಜಿಗೆ ಬರುತ್ತದೆ. ಆಗಲೂ ಅವನು ಹೀಗೇ ಬಾಗಿಲಲ್ಲಿ ನಿಂತು ನಗುತ್ತಾನೆ.

ಸೀಸೆ ಮುಚ್ಚಿ ಪಕ್ಕದ ಕೋಣೆಗೆ ಹೋದಳು.

"ಮೇಡಂ, ಆ ಪಿಸ್ತೂಲನ್ನ ನೀವೇ ನೋಡಿ. ನಾನು ಮುಟ್ಟಬಾರದು."

ಮೇಲಧಿಕಾರಿ ಕನ್ನಡಕ ಏರಿಸಿದಳು. "ಯಾಕಮ್ಮಾ, ದೆವ್ವ ಕಂಡವಳ ಹಾಗಿದ್ದೀಯ?"

"ಅದರ ನಂಬರು ಹೊಡೆದಿರೋದು ನನ್ನ ತಮ್ಮ."

ಆಕೆ ಅಕ್ಕನ ಮೇಜಿಗೆ ಎದ್ದು ಹೋಗಿ ಅಯಸ್ಕಾಂತದ ಗುಂಡಿ ಒತ್ತಿದಳು, ಎಣ್ಣೆ ಬಿಟ್ಟಳು. ಅಕ್ಕನಿಗೆ ನಿಂತು ನೋಡಲಾಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ತಮ್ಮ ಮೊಣಕಾಲು ಕುಣಿಸುತ್ತಿದ್ದ. ಅವಳು ಪಕ್ಕದಲ್ಲಿ ಕೂತದ್ದೇ ತಡ, ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ.

"ಹಾಕಿದ್ಯಾ?"

ಅವಳು ಬಾಗಿಲ ಕಡೆ ನೋಡಿದಳು. ಹಿಡಿತ ಬಿಗಿಯಾಯಿತು, ಮೂಳೆ ಮುರಿಯುತ್ತದೇನೋ ಅನ್ನಿಸಿತು.

"ಅಕ್ಕಾ, ನಿನ್ನನ್ನೇ ಕೇಳ್ತಿರೋದು. ಹಾಕಿದ್ಯಾ?"

"ಇಲ್ಲ ಕಣೋ" ಎಂದಳು. ಒಳಗಿನಿಂದ ಮೇಲಧಿಕಾರಿ ಫೋನಿನಲ್ಲಿ ಒಂದೊಂದೇ ಅಂಕಿ ಬಿಡಿಸಿ ಓದುವುದು ಕೇಳಿಸುತ್ತಿತ್ತು.