ವಾಲ್ವ್ ಮಾವ ಬರೆದ ‘ಸರಿ’

ನಲ್ಲಿ ನೀರು ಘಾಟು ಹೊಡೆದರೆ ನಮ್ಮ ಬೀದಿಯವರು ಮೊದಲು ಬೈಯುವುದು ವಾಲ್ವ್ ಮಾವನನ್ನು. ನೀರು ಶುದ್ಧೀಕರಣ ಘಟಕದಲ್ಲಿ ಮೂವತ್ತು ವರ್ಷದಿಂದ ದುಡಿಯುತ್ತಿರುವವರು. ಆ ಅಡ್ಡಹೆಸರು ಇಟ್ಟವರೂ ನಾವೇ. ಮೊನ್ನೆ ಬೆಳಿಗ್ಗೆ ಮತ್ತೆ ಘಾಟು ಬಂತು, ಎರಡು ಗಂಟೆಯಲ್ಲಿ ಹೋಯಿತು. ಬಾಯಿಗೆ ಬಂದಂತೆ ಬೈದು ಮರೆತೆವು.

ಆದದ್ದಿಷ್ಟು. ಮಾವ ಡ್ಯೂಟಿಯಲ್ಲಿದ್ದಾಗ ಕಂಪ್ಯೂಟರ್ ಪರದೆಯ ಮೇಲಿನ ಬಾಣ ತಾನಾಗಿಯೇ ಓಡಾಡಿ ಕ್ಲೋರಿನ್ ಅಳತೆಯನ್ನು ಏರಿಸತೊಡಗಿತು. ಮೌಸ್ ಯಾರ ಕೈಯಲ್ಲೂ ಇರಲಿಲ್ಲ. ಮಾವ ಗಾಬರಿಬಿದ್ದರೂ ಕೈಕಟ್ಟಿ ಕೂರಲಿಲ್ಲ. ಓಡಿಹೋಗಿ ಕೈಯಿಂದಲೇ ವಾಲ್ವ್ ತಿರುಗಿಸಿ ಕ್ಲೋರಿನ್ ನಿಲ್ಲಿಸಿದರು, ಇಂಟರ್ನೆಟ್ ತಂತಿ ಕಿತ್ತರು, ಅಳತೆಯನ್ನು ಮೊದಲಿನಂತೆ ಮಾಡಿದರು. ಆಮೇಲೆ ರಿಜಿಸ್ಟರಿನಲ್ಲಿ ಎಂದಿನಂತೆ ಒಂದೇ ಪದ ಬರೆದರು: ‘ಸರಿ’.

ಅವರ ಸೊಸೆ ಅದೇ ಘಟಕದಲ್ಲಿ ನೀರು ಪರೀಕ್ಷೆ ಮಾಡುವವಳು. ಅವಳು ತೆಗೆದ ನೀರಿನಲ್ಲಿ ಕ್ಲೋರಿನ್ ಹೆಚ್ಚು, ರಿಜಿಸ್ಟರಿನಲ್ಲಿ ‘ಸರಿ’. ಎರಡೂ ತಾಳೆಯಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾವನನ್ನು ಕೇಳಿಯೇ ಬಿಟ್ಟಳು. ಮಾವ ನಡೆದದ್ದನ್ನು ಹೇಳಿ ನಕ್ಕುಬಿಟ್ಟರು.

“ಸರಿ ಮಾಡಿದ ಮೇಲೆ ಸರಿ ಅಂತ ಬರೀದೆ ಇನ್ನೇನು ಬರೀಲಮ್ಮ?”

“ಸರಿ ಮಾಡಿದ್ದು ನೀವು ಮಾವ, ಅದಕ್ಕೆ ಕೈಮುಗೀತೀನಿ. ಕೆಡಿಸಿದ್ದು ಯಾರು?”

ಮಾವನ ನಗು ನಿಂತಿತು. ಮರೆಯಬಾರದೆಂದು ‘ಒಂದು ಎರಡು ಮೂರು ನಾಲ್ಕು’ ಅಂತ ಕಂಪ್ಯೂಟರಿಗೆ ಪಾಸ್‌ವರ್ಡ್ ಇಟ್ಟವರು ಅವರೇ; ಹೊರಗಿನವರು ಯಾರೋ ಅದನ್ನು ಊಹಿಸಿಯೇ ಒಳನುಗ್ಗಿರಬೇಕು. ನಿವೃತ್ತಿಗೆ ನಾಲ್ಕೇ ತಿಂಗಳು. ಒಂದು ಮೆಮೋ ಕೂಡ ಇಲ್ಲದೆ ದುಡಿದವರಿಗೆ ಈಗ ಹೆಸರು ಕೆಡುತ್ತದಲ್ಲ ಎಂಬ ಸಂಕಟ.

“ಮೇಲಿನವರಿಗೆ ಹೇಳ್ಲೇಬೇಕು ಅಂತ ಎಲ್ಲಾದ್ರೂ ಬರೆದಿದೆಯಾ?” ಎಂದರು.

“ಬರೆದಿಲ್ಲ. ಬರೆದಿದ್ರೆ ನಾನು ಹೀಗೆ ಬೇಡ್ಕೋಬೇಕಾಗಿರಲಿಲ್ಲ. ಪಕ್ಕದೂರಲ್ಲೂ ಇದೇ ಯಂತ್ರ ಇದೆ ಮಾವ. ಅಲ್ಲಿ ಕೂತವರ ಕಣ್ಣು ನಿಮ್ಮಷ್ಟು ಚುರುಕಿಲ್ಲದಿದ್ರೆ?”

ಮಾವ ಅರ್ಧ ಊಟಕ್ಕೇ ಕೈತೊಳೆದರು. ಮುಖ್ಯ ಕಚೇರಿಗೆ ಫೋನ್ ಮಾಡಿ, ಪಾಸ್‌ವರ್ಡಿನ ತಪ್ಪನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ಕಚೇರಿಯವರು ಕೂಡಲೇ ಸುತ್ತಲಿನ ಘಟಕಗಳನ್ನು ಎಚ್ಚರಿಸಿದರು. ಪಕ್ಕದೂರಿನವರು ಹೋಗಿ ನೋಡಿದರೆ ಅಲ್ಲಿ ಅಳತೆ ಆಗಲೇ ಏರತೊಡಗಿತ್ತು. ನೀರು ಟ್ಯಾಂಕ್ ಸೇರುವ ಮೊದಲೇ ತಡೆದರು.

ಮಾವನಿಗೆ ಮೆಮೋ ಬಂತು. ವಿಷಯ ತಿಳಿದು, ಬೈದಿದ್ದ ನಮಗೆಲ್ಲ ನಾಚಿಕೆಯಾಯಿತು. ನಾನಂತೂ ಅವರ ಮನೆಗೇ ಹೋಗಿ, ಕ್ಲೋರಿನ್ ನಿಲ್ಲಿಸಿದ್ದು ದೊಡ್ಡದು, ತಪ್ಪು ಒಪ್ಪಿಕೊಂಡದ್ದು ಅದಕ್ಕಿಂತ ದೊಡ್ಡದು ಎಂದು ಹೇಳಿಬಂದೆ. ಅಂಥ ಮಾವ, ಅಂಥ ಸೊಸೆ ನಮ್ಮ ಬೀದಿಯಲ್ಲಿರುವುದು ನಮ್ಮ ಪುಣ್ಯ.

ಆದರೆ ಓದುಗರೇ, ಪುಣ್ಯವನ್ನೇ ನಂಬಿ ನೀರು ಕುಡಿಯಲಾದೀತೇ? ಬೀಗ ಒಡೆದಿರಲಿ, ಕಂಪ್ಯೂಟರಿಗೆ ಯಾರೋ ನುಗ್ಗಿರಲಿ, ಹಾನಿ ಆಗದಿದ್ದರೂ ಸರಿ, ನೀರಿನ ಘಟಕದವರು ಅದನ್ನು ಅಂದೇ ವರದಿ ಮಾಡಲೇಬೇಕು ಎಂಬ ನಿಯಮ ಬೇಕು. ನಿಮ್ಮ ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿ: “ನಮ್ಮ ನೀರಿಗೆ ಯಾರಾದರೂ ಕೈಹಾಕಿದರೆ, ಯಾರಿಗೆ, ಎಷ್ಟು ಹೊತ್ತಿನೊಳಗೆ ಹೇಳುತ್ತೀರಿ?” ಉತ್ತರ ಸಿಗುವವರೆಗೆ ಕೂರಬೇಡಿ.